ಮೀಟರಿಗೆ ಇಟ್ಟ ಬೊಟ್ಟು

ಗೇರ್ ಎಣ್ಣೆಯ ವಾಸನೆ ಬಂದರೆ ಇಂದಿಗೂ ಕೊಳ್ಳೇಗಾಲದ ಆ ಮಧ್ಯಾಹ್ನಕ್ಕೆ ಹೋಗಿ ನಿಲ್ಲುತ್ತೇನೆ.

ಅಪ್ಪ ಹನೂರಿನಿಂದ ಬೆಟ್ಟಕ್ಕೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಏರಿನಲ್ಲಿ ಗೇರ್‌ಬಾಕ್ಸ್ ಕಾಯುತ್ತಿತ್ತು. ಅಪ್ಪ ಬರಿಗಾಲಲ್ಲೇ ಓಡಿಸುತ್ತಿದ್ದರು; ಅದರ ಮೇಲಿನ ತಗಡು ಕಾಲಿಗೆ ಸುಟ್ಟಾಗ ಜೀಪು ನಿಲ್ಲಿಸಿ ಆರಲು ಬಿಡುತ್ತಿದ್ದರು. ಅಂದು ಅದರ ಬಿಸಿ ತೋರಿಸುವ ಮೀಟರು ಹಾಕಿಸಲು ಕೊಳ್ಳೇಗಾಲದ ಗ್ಯಾರೇಜಿಗೆ ಹೊರಟಾಗ ನನ್ನನ್ನೂ ಕರೆದೊಯ್ದರು.

ಕಾದಾಗ ದೀಪ ಹತ್ತುವುದು ಬೇಕೋ, ಮುಳ್ಳಿನದೋ ಎಂದು ಮೆಕ್ಯಾನಿಕ್ ಕೇಳಿದ.

“ಮುಳ್ಳಿಂದೇ ಆಕ್ಲಾ. ದೀಪ ಸುಟ್ಟೋದ್ರೆ ಯಾರ್ ಏಳ್ತಾರೆ?” ಅಂದರು ಅಪ್ಪ.

ಹೊಸದಕ್ಕೆ ಪೂಜೆ ಆಗಬೇಕಲ್ಲ. ಕುಂಕುಮವನ್ನು ಅಲ್ಲಿದ್ದ ಗೇರ್ ಎಣ್ಣೆಯಲ್ಲೇ ಕಲಸಿ, ಮೀಟರಿನ ಗಾಜಿಗೆ ನಾನೇ ಇಷ್ಟಗಲ ಬೊಟ್ಟಿಟ್ಟೆ.

“ಬಿಸಿ ಏರೋ ಕಡೀಕೇ ಮೆತ್ತವ್ಳಲ್ಲಣ್ಣೋ! ಮುಳ್ಳು ಎಂಗ್ ಕಂಡದು?” ಮೆಕ್ಯಾನಿಕ್ ನಗುತ್ತ ಬಟ್ಟೆ ಎತ್ತಿಕೊಂಡ.

“ಮುಟ್ಬ್ಯಾಡ ಕಣ್ಲಾ. ನನ್ ಮಗ್ಳು ಇಕ್ಕವ್ಳೆ. ಆಮ್ಯಾಕೆ ಒರಸ್ಕತೀನಿ.”

ಮರುದಿನ, ಮೀಟರಿದೆಯಲ್ಲ ಎಂದು ಅಪ್ಪ ಚಪ್ಪಲಿ ಹಾಕಿಕೊಂಡೇ ಜೀಪು ಹತ್ತಿದರು. ಬೆಟ್ಟದ ತಿರುವಿನಲ್ಲಿ ಗೇರ್‌ಬಾಕ್ಸ್ ಕಾದು ಕಚ್ಚಿಕೊಂಡು, ಚಕ್ರ ಬಿಗಿದು ಜೀಪು ಕಮರಿಗೆ ಉರುಳಿತು. ಆಮೇಲೆ ನೋಡಿದಾಗ ಮೀಟರಿನ ಗಾಜು ಪುಡಿಯಾಗಿತ್ತು.

ಬೊಟ್ಟು ಒರೆಸಿಕೊಂಡಿದ್ದರೋ ಇಲ್ಲವೋ, ಹೇಳಲು ಅಪ್ಪ ಇಲ್ಲ.