ಅತ್ತಿಗೆಯ ಕಂತು

"ನಿನ್ನೆ ನಿನ್ನ ಧಾರಾವಾಹಿ ಸೊಸೆ ಆಡಿದ ಮಾತು ನಂದು," ಎಂದಳು ಅತ್ತಿಗೆ, ತೊಳೆದ ಕುಕ್ಕರನ್ನು ಕವುಚಿ ಹಾಕುತ್ತಾ.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮುಂದಿನ ಕಂತಿನ ಸಂಭಾಷಣೆ ಬರೆಯುತ್ತಿದ್ದ ನಾದಿನಿಯ ಬೆರಳುಗಳು ನಿಂತವು. ಹಳೆಯ ಕಾವ್ಯಗಳ ಹೆಣ್ಣುಗಳ ಮೇಲೆ ನಾನೂರು ಪುಟದ ಸಂಶೋಧನೆ ಮಾಡಿದವಳು ಅವಳು, ಟಿ.ವಿ.ಗೆ ಬರೆಯುವುದು ಬರೀ ಹೊಟ್ಟೆಪಾಡಿಗೆ ಎಂದು ಕೇಳದವರಿಗೂ ಹೇಳುತ್ತಿದ್ದಳು. ಮಾತಿಗೆ ಬರ ಬಂದಾಗ ಮಾತ್ರ ಮಹಾಕವಿಗಳನ್ನು ಬಿಟ್ಟು, ಅತ್ತಿಗೆ ಪಾತ್ರೆ ತೊಳೆಯುವ ಹೊತ್ತಿಗೆ ಸರಿಯಾಗಿ ಇಲ್ಲಿ ಬಂದು ಕೂರುತ್ತಿದ್ದಳು.

"ಯಾವ ಮಾತು ಅತ್ತಿಗೆ?"

"'ಈ ಮನೇಲಿ ಕುಕ್ಕರ್ ಕೂಗಿದ್ರೆ ಓಡಿ ಬರ್ತಾರೆ, ನಾನು ಕೂಗಿದ್ರೆ ಟಿ.ವಿ. ಸೌಂಡ್ ಜಾಸ್ತಿ ಮಾಡ್ತಾರೆ.' ಏನೂ ಗೊತ್ತಿಲ್ದೋಳ ಥರ ನೋಡ್ಬೇಡ."

"ದೊಡ್ಡ ಸಾಹಿತ್ಯ ಹುಟ್ಟೋದೇ ಬದುಕಿನಿಂದ..."

"ಹುಟ್ಲಿ ಬಿಡು. ಅದನ್ನ ಕೇಳಿ ನಿಮ್ಮಣ್ಣ ಕಣ್ಣೊರೆಸ್ಕೊಂಡ್ರು. 'ಪಾಪ, ಅವಳ ಮಾತನ್ನ ಯಾರೂ ಕೇಳಲ್ಲ' ಅಂದ್ರು. 'ಅದು ನನ್ನ ಮಾತೇ ಕಣ್ರೀ' ಅಂದೆ. 'ಶ್, ಸುಮ್ನಿರೇ, ಕೇಳಿಸ್ತಿಲ್ಲ' ಅಂದ್ರು."

ಅತ್ತಿಗೆ ಸಕ್ಕರೆ ಡಬ್ಬದ ಹಿಂದಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ರೈಲಿನಲ್ಲಿ ಆರು ಗಂಟೆ ದೂರದ ಊರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಹದಿನಾಲ್ಕು ವರ್ಷದ ಹಿಂದೆ ಅವಳು ಬಿಟ್ಟಿದ್ದೂ ಅದೇ ಕೆಲಸ. ಇಪ್ಪತ್ತನೇ ತಾರೀಕು ಸೇರಬೇಕು.

"ಅಣ್ಣಂಗೆ ಹೇಳಿದ್ರಾ?"

"ಮೂರು ಸಲ ಬಾಯಿ ತೆಗೆದೆ. ನಾನು ಹೇಳಿದ್ರೆ ಅವ್ರಿಗೆ ತಲೆನೋವು, ಟಿ.ವಿ. ಹೇಳಿದ್ರೆ ಕಣ್ಣೀರು. ನಿನ್ನ ಸೊಸೇನ ಕೆಲಸಕ್ಕೆ ಕಳ್ಸು."

"ಜನ ಒಪ್ಪಲ್ಲ ಅತ್ತಿಗೆ! ಕಾವ್ಯದಲ್ಲಾದ್ರೆ ಕಾಡಿಗೆ ಕಳಿಸ್ತಾರೆ, ಧಾರಾವಾಹೀಲಾದ್ರೆ ತವರಿಗೆ..."

"ನಾನೂರು ಪುಟ ಬರೆದ್ಯಲ್ಲ, ಒಬ್ಬಳಾದ್ರೂ ಸಂಬಳದ ಕೆಲಸಕ್ಕೆ ಹೋದ್ಲಾ?"

ನಾದಿನಿ ಮನಸ್ಸಿನಲ್ಲೇ ಪುಟ ತಿರುವಿದಳು. ಇರಲಿಲ್ಲ. ಅಡಿಟಿಪ್ಪಣಿಯಲ್ಲೂ ಇರಲಿಲ್ಲ.

"ಇವತ್ತು ಬರೆದಿದ್ದು ಯಾವತ್ತು ಬರುತ್ತೆ?"

"ಹದಿನೇಳಕ್ಕೆ."

"ಹಾಗಾದ್ರೆ ಹದಿನೇಳಕ್ಕೆ ಅವಳು ಹೊರಡ್ಲಿ. ನಿಮ್ಮಣ್ಣ ಅತ್ತು, 'ಒಳ್ಳೇದಾಗ್ಲಿ ಮಗಳೇ' ಅಂತ ಹರಸ್ಲಿ. ಆ ಕಣ್ಣೀರು ಆರೋದ್ರೊಳಗೆ ನಾನು ಈ ಕಾಗದ ತೋರಿಸ್ತೀನಿ."

ನಾದಿನಿ ಬರೆಯತೊಡಗಿದಳು. ಸೊಸೆಯ ಕೈಗೆ ಪೆಟ್ಟಿಗೆ ಕೊಟ್ಟಳು, ಬಾಗಿಲವರೆಗೂ ತಂದು ನಿಲ್ಲಿಸಿದಳು. ಮುಂದಿನ ಮಾತು ಹೊಳೆಯಲಿಲ್ಲ. ಎಂದಿನಂತೆ ತಲೆಯೆತ್ತಿದಳು.

"ಅತ್ತಿಗೆ, ಹೊರಡೋವಾಗ ನೀವು ಏನಂತೀರಿ?"

"ಅದೊಂದನ್ನ ಕದೀಬೇಡ," ಎಂದಳು ಅತ್ತಿಗೆ, ಕೈ ಒರೆಸಿಕೊಳ್ಳುತ್ತಾ. "ಅದು ನಂಗೆ ಬೇಕು."