ಉಳಿದ ಬೈಕು

ಶೆಡ್ಡಿನ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು. ಎರಡು ಬೈಕುಗಳಲ್ಲಿ ಒಂದು ಹೋಗಿತ್ತು, ನಿಜ. ಆದರೆ ಹೋಗಬೇಕಾದದ್ದು ಅಲ್ಲೇ ಇತ್ತು. ದೀಪವಿಲ್ಲ, ಕನ್ನಡಿಯಿಲ್ಲ, ನಂಬರ್ ಪ್ಲೇಟಿಲ್ಲ. ಪಕ್ಕೆಯ ಮೇಲೆ ನಲವತ್ತೇಳು ಎಂದು ಬರೆಸಿಕೊಂಡು, ಎರಡೂ ಚಕ್ರಕ್ಕೆ ಹಳೇ ಕಂಬಳಿ ಹೊದ್ದು ಬಾಣಂತಿಯ ಹಾಗೆ ಬೆಚ್ಚಗಿತ್ತು. ಮನೆಯವರೆಲ್ಲ ‘ಜಿಂಕೆ’ ಎಂದು ಕರೆಯುವ ರೇಸಿನ ಬೈಕು. ದಿನಾ ಕೆಲಸಕ್ಕೆ ಹೋಗುವ, ಹಿಟ್ಟಿನ ಚೀಲ ಹೊರುವ, ಒಂದೇ ಒದೆತಕ್ಕೆ ಎದ್ದೇಳುವ ‘ಎಮ್ಮೆ’ ಇದ್ದ ಜಾಗದಲ್ಲಿ ಅಂಗೈಯಗಲದ ಆಯಿಲ್ ಕಲೆ ಮಾತ್ರ ಉಳಿದಿತ್ತು.

“ರೀ, ಎಮ್ಮೆ ಎಲ್ಲಿ?”

ಗಂಡ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದ. “ಕೊಟ್ಟುಬಿಟ್ಟೆ. ಮಧ್ಯಾಹ್ನ ಬಂದು ತಗೊಂಡು ಹೋದ್ರು. ನೀನೇ ಹೇಳಿದ್ಯಲ್ಲ.” ಅವನ ಮುಖದ ಮೇಲೆ, ಕೊಟ್ಟ ಮಾತು ನಡೆಸಿದವನ ನೆಮ್ಮದಿಯಿತ್ತು.

ಹೌದು, ಹೇಳಿದ್ದಳು. ಕಳೆದ ಭಾನುವಾರ ಅವನು ಟ್ರ್ಯಾಕಿನಿಂದ ಬರುವವರೆಗೂ ಎಂದಿನಂತೆ ಜೀವ ಕೈಯಲ್ಲಿ ಹಿಡಿದು ಕೂತಿದ್ದು, ಬಂದಮೇಲೆ ಮಗಳ ಎದುರಿಗೇ ಮಾತು ತೆಗೆದುಕೊಂಡಿದ್ದಳು. ಎರಡರಲ್ಲಿ ಪ್ರಾಣಕ್ಕೆ ಎರವಾಗುವುದು ಯಾವುದೋ ಅದು ಈ ವಾರದೊಳಗೆ ಮನೆ ಬಿಡಬೇಕು. ಅವನು ಮೂರು ದಿನ, ಊಟಕ್ಕೆ ಕೂತಾಗಲೂ, ಅದನ್ನೇ ಯೋಚಿಸುತ್ತಿದ್ದ. ನೋಡಿ ಅವಳಿಗೆ ಪಾಪ ಅನ್ನಿಸಿತ್ತು ಕೂಡ.

“ನಾನು ಹೇಳಿದ್ದು ಜಿಂಕೇನ! ಇನ್ನೂರು ಸ್ಪೀಡಲ್ಲಿ ಓಡೋದು ಅದು. ಎಮ್ಮೆ ನಲವತ್ತು ದಾಟಿದ್ರೆ ಕೆಮ್ಮುತ್ತೆ.”

“ಸ್ಪೀಡು ಏನೂ ಮಾಡಲ್ಲ ಕಣೇ. ಟ್ರ್ಯಾಕಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗ್ತಾರೆ. ಎದುರಿಂದ ನರಪಿಳ್ಳೆನೂ ಬರಲ್ಲ. ಬಿದ್ರೆ ಎತ್ಕೊಂಡು ಹೋಗೋಕೆ ಆಂಬುಲೆನ್ಸ್ ಕಾಯ್ತಾ ನಿಂತಿರುತ್ತೆ. ತರಕಾರಿ ಅಂಗಡಿ ಮುಂದೆ ನಿಂತಿರುತ್ತಾ?” ಅವನು ತೋಳು ಮಡಚಿ ಮೊಣಕೈ ತೋರಿಸಿದ. “ಇದು ಎಲ್ಲಿ ಆಗಿದ್ದು, ಹೇಳು ನೋಡೋಣ.”

ಅವಳಿಗೆ ಗೊತ್ತಿರದೆ ಏನು? ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಅವಳೇ ಅವನ ಗಾಯಗಳನ್ನೆಲ್ಲ ತೊಳೆದು ಕಟ್ಟಿದವಳು. ಮೊಣಕೈಯದು, ನಿಂತ ಕಾರಿನವನು ಹಿಂದೆ ನೋಡದೆ ಬಾಗಿಲು ತೆಗೆದಾಗ ಆದದ್ದು. ಮೊಣಕಾಲಿನದು, ತಿರುವಿನಲ್ಲಿ ಯಾರೋ ಸುರಿದುಹೋದ ಜಲ್ಲಿಯಲ್ಲಿ. ಎಲ್ಲವೂ ಎಮ್ಮೆಯ ಮೇಲಿಂದಲೇ. ಜಿಂಕೆ ಮಾಡಿದ ಗಾಯ ಎಂದು ಎಷ್ಟು ನೆನೆದರೂ ಹೆಬ್ಬೆರಳಿನ ಒಂದು ಬೊಬ್ಬೆ ಬಿಟ್ಟು ಬೇರೇನೂ ನೆನಪಿಗೆ ಬರಲಿಲ್ಲ.

“ಈ ವಾರ ನಿಮ್ಮಲ್ಲಿಗೆ ಕೈಕಾಲು ಮುರ್ಕೊಂಡು ಎಷ್ಟು ಜನ ಬಂದ್ರು?” ಎಂದು ಅವನು ಕೇಳಿದ.

“ಹನ್ನೊಂದು.”

“ಟ್ರ್ಯಾಕಲ್ಲಿ ಬಿದ್ದೋರು?”

“ಒಬ್ಬರೂ ಇಲ್ಲ,” ಎಂದವಳು ಥಟ್ಟನೆ ತಿರುಗಿಬಿದ್ದಳು. “ಅಯ್ಯೋ, ಅಲ್ಲಿಗೆ ಹೋಗೋರೇ ಊರಿಗೆಲ್ಲ ಹತ್ತು ಜನ. ಅದೂ ತಿಂಗಳಿಗೊಂದು ದಿನ! ಹೀಗೆ ಲೆಕ್ಕ ಹಾಕಿದ್ರೆ ಹುಲಿಗಿಂತ ಸೊಳ್ಳೆನೇ ಅಪಾಯ ಅನ್ಬೇಕಾಗುತ್ತೆ.”

“ಮತ್ತೆ? ಸೊಳ್ಳೆನೇ ಅಲ್ವಾ?”

ಈ ಸುತ್ತಿನಲ್ಲಿ ಗೆದ್ದವರು ಯಾರು ಎಂದು ಇಬ್ಬರಿಗೂ ತಿಳಿಯಲಿಲ್ಲ.

“ನಾಳೆಯಿಂದ ಕೆಲಸಕ್ಕೆ ಹೇಗೆ ಹೋಗ್ತೀರಿ?”

“ಬಸ್ಸಲ್ಲಿ. ಆರಾಮಾಗಿ.”

ಅವನು ಲಿಫ್ಟ್ ರಿಪೇರಿಯವನು. “ಸರಿಹೋಯ್ತು ಬಿಡಿ,” ಎಂದಳು ಅವಳು, ಬಟಾಣಿ ಬುಟ್ಟಿ ತನ್ನ ಕಡೆಗೆ ಎಳೆದುಕೊಳ್ಳುತ್ತ. “ನಿಮ್ಮ ಲಿಫ್ಟು ಮೇಲೆ ಕೆಳಗೆ, ನಿಮ್ಮ ಜಿಂಕೆ ಸುತ್ತಾ ಸುತ್ತಾ. ಒಂದು ಕಟ್ಟು ಸೊಪ್ಪು ತರೋಕೂ ಯಾವುದೂ ಬರಲ್ಲ.”

ಅಲ್ಲೇ ಮೇಜಿನ ಮೇಲೆ ಮಗ್ಗಿ ಬರೆಯುತ್ತಿದ್ದ ಒಂಬತ್ತು ವರ್ಷದ ಮಗಳು ಪೆನ್ಸಿಲ್ ಬಾಯಿಂದ ತೆಗೆದಳು. “ಅಪ್ಪಾ, ಎಮ್ಮೆ ಹೋಗ್ತಿದ್ದ ರಸ್ತೇಲೇ ಅಲ್ವಾ ನಾನೂ ಅಮ್ಮಾನೂ ಸ್ಕೂಟರಲ್ಲಿ ದಿನಾ ಹೋಗೋದು?”

ಮೂರು ದಿನದ ಯೋಚನೆಯಲ್ಲಿ ಇದು ಒಮ್ಮೆಯೂ ಅವನ ತಲೆಗೆ ಹೊಳೆದಿರಲಿಲ್ಲ ಎಂಬುದು ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು. “ಹೆಲ್ಮೆಟ್ ಪಟ್ಟಿ ಸರಿಯಾಗಿ ಬಿಗ್ಕೊಳ್ಳಿ,” ಎಂದು ಕೊನೆಗೆ ಹೇಳಿದ. ಆಮೇಲೆ ಎಷ್ಟೋ ಹೊತ್ತು ಖಾಲಿ ಸಿಪ್ಪೆಗಳನ್ನೇ ಬಿಡಿಸುತ್ತ ಕೂತಿದ್ದ.

ಮರುದಿನ ಬೆಳಿಗ್ಗೆ ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟವಳು ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ದೀಪಕ್ಕೆ ನಿಂತಳು. ಸಂಜೆಗೆ ಏನು ಅಡುಗೆ ಎಂದು ಯೋಚಿಸುತ್ತಲೇ ಆರು ವರ್ಷದಿಂದ ದಾಟಿಕೊಂಡು ಬಂದ ಜಾಗ ಅದು. ಇವತ್ತು ಎಡಗಡೆ ಏಣಿ ಹೊತ್ತ ಸೈಕಲ್ಲು ಕಂಡಿತು. ಬಲಗಡೆ ನೀರು ಚೆಲ್ಲುತ್ತ ಬರುತ್ತಿದ್ದ ಟ್ಯಾಂಕರ್. ಎದುರಿಗೆ, ಯಾವ ಕಡೆ ತಿರುಗುತ್ತದೋ ಹೇಳದೆ ನಿಂತ ವ್ಯಾನು. ಇವೆಲ್ಲ ನಿನ್ನೆಯೂ ಇದ್ದವೇ? ಸೊಂಟ ಬಳಸಿದ್ದ ಪುಟ್ಟ ಕೈಗಳನ್ನು ಮುಟ್ಟಿ ನೋಡಿಕೊಂಡಳು.

ಪಕ್ಕಕ್ಕೆ ಬಸ್ಸೊಂದು ಬಂದು ನಿಂತಿತು. ತಲೆಯೆತ್ತಿದರೆ, ಕಿಟಕಿಯಲ್ಲಿ ಅವಳ ಗಂಡ. ಸ್ಪಾನರ್ ಚೀಲ ಮಡಿಲಲ್ಲಿಟ್ಟುಕೊಂಡು, ತಲೆಯನ್ನು ಗಾಜಿಗೆ ಆನಿಸಿ, ಮಗುವಿನ ಹಾಗೆ ಬಾಯಿ ಅರೆತೆರೆದು, ಗಾಢ ನಿದ್ದೆಯಲ್ಲಿದ್ದ.

ಹಸಿರು ದೀಪ ಬಿತ್ತು. ಬಸ್ಸು ಅವನನ್ನು ತೂಗಿಕೊಂಡು ಮುಂದೆ ಹೋಯಿತು. ಹಿಂದಿದ್ದವರೆಲ್ಲ ಹಾರ್ನ್ ಬಾರಿಸತೊಡಗಿದರು. ಅವಳ ಎರಡು ಪಾದಗಳೂ ನೆಲ ಬಿಟ್ಟು ಏಳಲೊಲ್ಲವು.