ಎರಡು ಸಲ ಸಕ್ಕರೆ

ಠಪ್ ಎಂದು ಸದ್ದು ಬಂದದ್ದು ಲೀಲಾವತಿಯವರು ಮಲಗಿದ್ದ, ಅಡಿಯಲ್ಲಿ ಸಾಮಾನು ತುಂಬುವ ಪೆಟ್ಟಿಗೆಯಿದ್ದ ಬಾಕ್ಸ್ ಬೆಡ್ಡಿನ ಒಳಗಿನಿಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗ ಚಿರಂತ್, ಸೊಸೆ ಹಂಸಾ ಮುಖ ಮುಖ ನೋಡಿಕೊಂಡರು. ದೆಹಲಿಯ ಕರೋಲ್ ಬಾಗಿನ ಆ ಒಂದು ಕೋಣೆಯ ಮನೆಯಲ್ಲಿ, ತಾವೇ ಮಾಡಿದ ಬಿಯರನ್ನು ಹೋದ ವಾರ ಬಂದಿಳಿದ ಅಮ್ಮನ ಕಣ್ಣಿಗೆ ಬೀಳದಂತೆ ಇಡಲು ಅವರಿಗೆ ಬೇರೆ ಜಾಗ ಸಿಕ್ಕಿರಲಿಲ್ಲ.

"ಬಾಟಲಿ ಒಡೀತು. ಗ್ಯಾಸ್ ಜಾಸ್ತಿಯಾಗಿದೆ," ಹಂಸಾ ಪಿಸುಗುಟ್ಟಿದಳು. "ನೊರೆ ಬರಲಿ ಅಂತ ನಾನು ಬಾಟಲಿಗೆ ಒಂದೊಂದೇ ಚಮಚ ಸಕ್ಕರೆ ಹಾಕಿದ್ದು."

"ಬಾಟಲಿಗೂ ಹಾಕಿದ್ಯಾ? ನೀನು ಸ್ನಾನಕ್ಕೆ ಹೋದಾಗ ನಾನು ಬಿಯರಿನ ಬಕೆಟ್ಟಿಗೇ ಸಕ್ಕರೆ ಅಳೆದು ಕಲಸಿದ್ದೆನಲ್ಲೇ!"

ಬಿಯರು ಕನ್ನಡಿಯಂತೆ ತಿಳಿಯಾಗಿದೆ ಎಂದು ಇಬ್ಬರೂ ಹಿಗ್ಗಿ, ಮುಚ್ಚಳ ಬಿಗಿದು ಹನ್ನೊಂದು ದಿನವಾಗಿತ್ತು. ಹೊರಗೆ ಮೇ ತಿಂಗಳ ಬಿಸಿಲು. ಕರೆಂಟು ಹೋಗಿ, ಕೂಲರ್ ನಿಂತು ಎರಡು ಗಂಟೆಯಾಗಿತ್ತು. ಉಳಿದ ಇಪ್ಪತ್ತಮೂರು ಬಾಟಲಿಗಳು ಅಮ್ಮನ ಬೆನ್ನ ಕೆಳಗೆ ಒಂದಕ್ಕೊಂದು ತಾಗಿಕೊಂಡು ಕಾಯುತ್ತಿದ್ದವು.

"ಏನೋ ಅದು ಸದ್ದು?" ಲೀಲಾವತಿ ಕಣ್ಣು ಬಿಟ್ಟು, ಏಳಲು ಮೊಣಕೈ ಊರಿದರು. ಪ್ಲೈವುಡ್ಡು ಕಿರುಗುಟ್ಟಿತು. ಒಳಗೆ ಗಾಜಿಗೆ ಗಾಜು ತಗುಲಿತು. ಮೇಲಿನ ಮನೆಯವರು ಏನೋ ಬೀಳಿಸಿರಬೇಕು ಎಂಬ ಸುಳ್ಳು ಚಿರಂತನ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಅವನು ಅದನ್ನು ನುಂಗಿ, ಬರಿಗಾಲಲ್ಲೇ ಮಂಚದ ಬಳಿ ಹೋಗಿ, ಎರಡೂ ಕೈಗಳನ್ನು ಚಾಚಿದ.

"ಅಮ್ಮಾ, ನಿನ್ನ ಕೆಳಗೆ ಬಿಯರ್ ಬಾಟಲಿಗಳಿವೆ. ನಾನೇ ಮಾಡಿದ್ದು. ಆಮೇಲೆ ಎಷ್ಟು ಬೇಕಾದ್ರೂ ಬೈ. ಈಗ ಮೆಲ್ಲಗೆ ನನ್ನ ಕೈ ಹಿಡ್ಕೋ."